ಒಂದು ಬೆರಳಿನ ದನಿ

ತಾನು ಗೊರಕೆ ಹೊಡೆಯುತ್ತೇನೆಂದು ತಾನಾಗಿಯೇ ಒಪ್ಪಿಕೊಂಡವರನ್ನು ನಾನು ಈವರೆಗೆ ಕಂಡಿಲ್ಲ. ಅದಕ್ಕೆ ಪಕ್ಕದಲ್ಲಿ ಮಲಗಿದವರ ಸಾಕ್ಷಿ ಬೇಕು, ಸಾಕ್ಷಿ ಹೇಳಿದವರ ಮೇಲೆ ಸಿಟ್ಟೂ ಬರಬೇಕು. ದನಿಯ ವಿಷಯವೂ ಹೀಗೆಯೇ. ನನ್ನ ದನಿ ದೊಡ್ಡದೆಂಬ ಸಂಗತಿ, ನಾನು ಹುಟ್ಟಿ ಬೆಳೆದು, ಮದುವೆಯಾಗಿ, ಮಗಳನ್ನು ಹೆತ್ತು, ಆ ಮಗಳು ಯುಕೆಜಿಗೆ ಹೋಗುವವರೆಗೂ ನನಗೆ ತಿಳಿದಿರಲಿಲ್ಲ. ತಿಳಿಸಿದವಳು ಆ ಮಗಳೇ. ಹೊರಗಿನವರು ಯಾರಾದರೂ ಹೇಳಿದ್ದರೆ ಅವರ ಮೇಲೆ ಜಗಳ ತೆಗೆದು, ಆ ಜಗಳದಲ್ಲೇ ಅವರ ಮಾತು ಖರೆ ಎಂದು ಓಣಿಗೆಲ್ಲ ತೋರಿಸಿಕೊಡುತ್ತಿದ್ದೆ. ಹೆತ್ತ ಮಗಳೇ ಹೇಳಿದರೆ ಏನು ಮಾಡುವುದು?

ನಮ್ಮದು ಬನಹಟ್ಟಿ. ಮನೆಯ ಮುಂದಿನ ಅರ್ಧದಲ್ಲಿ ಮಗ್ಗಗಳಿವೆ, ಹಿಂದಿನ ಅರ್ಧದಲ್ಲಿ ನಾವಿದ್ದೇವೆ. ಮಗ್ಗಗಳ ಮನೆಯಲ್ಲಿ ನಾವು ಬಾಡಿಗೆಗೆ ಇದ್ದೇವೆ ಎಂದು ನನ್ನ ಗಂಡ ಹೇಳುವುದುಂಟು. ಪಾವರ್‌ಲೂಮಿನ ಸಪ್ಪಳ ಕೇಳದವರಿಗೆ ಅದನ್ನು ತಿಳಿಸಿ ಹೇಳುವುದು ಕಷ್ಟ. ತಗಡಿನ ಡಬ್ಬಿಯಲ್ಲಿ ಗೋಲಿಗುಂಡು ತುಂಬಿ ಯಾರೋ ನಿಮ್ಮ ಕಿವಿಯ ಪಕ್ಕದಲ್ಲೇ ದಿನವಿಡೀ ಅಲ್ಲಾಡಿಸುತ್ತಿದ್ದಾರೆ ಎಂದುಕೊಳ್ಳಿ. ಎಡಗಡೆಯ ಮನೆಯವರದು, ಬಲಗಡೆಯ ಮನೆಯವರದು, ಎದುರುಮನೆಯವರದು ಎಲ್ಲರ ಡಬ್ಬಿಯೂ ಒಟ್ಟಿಗೆ. ಇದರ ನಡುವೆ ಉಪ್ಪು ಕೇಳಬೇಕಾದರೂ ಹೊಟ್ಟೆಯಿಂದ ದನಿ ಎತ್ತಬೇಕು. ಬೇರೆ ಊರಿನವರು ನಮ್ಮ ಓಣಿಗೆ ಬಂದರೆ ಯಾವ ಮನೆಯ ಜಗಳ ಬಿಡಿಸಬೇಕೆಂದು ತಿಳಿಯದೆ ಗಾಬರಿಯಾಗುತ್ತಾರೆ. ಅಲ್ಲಿ ನಡೆದಿರುವುದು ಜಗಳವಲ್ಲ, ಮಧ್ಯಾಹ್ನಕ್ಕೆ ಏನು ಪಲ್ಯ ಎಂಬ ವಿಚಾರ. ನಿಜವಾದ ಜಗಳ ಮತ್ತು ಗುಟ್ಟಿನ ಮಾತುಗಳನ್ನು ನಾವು ದನಿಯಿಲ್ಲದೆ ಬರೀ ತುಟಿಯಾಡಿಸಿ, ಕೈಸನ್ನೆಯಲ್ಲಿ ಮುಗಿಸುತ್ತೇವೆ. ನನ್ನ ಅತ್ತೆ ಮಗ್ಗದ ಮುಂದೆಯೇ ಆಯುಷ್ಯ ಸವೆಸಿ ಕಿವಿ ಮಂದ ಮಾಡಿಕೊಂಡಿದ್ದಾರೆ, ಆದರೆ ಅಂಗಳದ ಆಚೆ ತುದಿಯಲ್ಲಿ ನಿಂತವರ ತುಟಿ ನೋಡಿ ಅವರು ಯಾರನ್ನು ಬೈಯುತ್ತಿದ್ದಾರೆಂದು ಹೇಳಬಲ್ಲರು.

ನಾನು ಇಲ್ಲಿಗೆ ಬಂದು ಕೆಟ್ಟವಳು ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ನನ್ನ ತವರು ಗಲಗಲಿ, ಕೃಷ್ಣಾ ಹೊಳೆಯ ದಂಡೆ. ದೂರದಲ್ಲಿ ಎಮ್ಮೆ ಮೈತೊಳೆಯುತ್ತ ಕುಳಿತ ಅಣ್ಣನನ್ನು ಊಟಕ್ಕೆ ಕರೆಯುವ ಕೆಲಸ ಚಿಕ್ಕಂದಿನಲ್ಲಿ ನನ್ನದೇ ಆಗಿತ್ತು. ನಾನು ಮನೆಯ ಕಟ್ಟೆಯ ಮೇಲಿಂದಲೇ ಕರೆಯುತ್ತಿದ್ದೆ. ಅಣ್ಣ ಬರುತ್ತಿದ್ದ, ಹಿಂದೆಯೇ ಎಮ್ಮೆಗಳೂ ಬರುತ್ತಿದ್ದವು. ಹೆಣ್ಣು ನೋಡಲು ಬಂದಾಗ ಅತ್ತೆ ನನ್ನನ್ನು ಒಪ್ಪಿದ್ದು ರೂಪಕ್ಕೂ ಅಲ್ಲ, ಅಡುಗೆಗೂ ಅಲ್ಲ. ಅಲ್ಲಿಯವರೆಗೆ ನೋಡಿದ ಹುಡುಗಿಯರ ಪೈಕಿ ನಾನು ಹೇಳಿದ ಹೆಸರೊಂದೇ ಅವರಿಗೆ ಕೇಳಿಸಿತ್ತಂತೆ.

ಇಂಥ ಮನೆಯ ಕೂಸು ನಮ್ಮ ಭೂಮಿಕಾ. ಅವಳನ್ನು ಶಾಲೆಗೆ ಹಾಕಿದಾಗ ಎಬಿಸಿಡಿ, ಅಆಇಈ ಕಲಿಸುತ್ತಾರೆ, ಮನೆಯಲ್ಲಿ ನಾನೂ ಕೂತು ತಿದ್ದಿಸಬೇಕಾಗುತ್ತದೆ ಎಂದು ಅಂದುಕೊಂಡಿದ್ದೆ. ಅವನ್ನೂ ಕಲಿಸುತ್ತಾರೆನ್ನಿ. ಆದರೆ ಅವಳು ಮನೆಗೆ ತರುವ ವಿದ್ಯೆಯೇ ಬೇರೆ. ಸಾಲಿನಲ್ಲಿ ನಿಲ್ಲುವುದು, ಊಟದ ಡಬ್ಬಿಯ ಮುಚ್ಚಳ ತಾನೇ ತೆಗೆಯುವುದು, ಸುರಿಯುವ ಮೂಗನ್ನು ಅಂಗಿಯ ತೋಳಿಗಲ್ಲದೆ ಕರವಸ್ತ್ರಕ್ಕೆ ಒರೆಸುವುದು, ಒಬ್ಬರು ಮಾತು ಮುಗಿಸುವ ತನಕ ಇನ್ನೊಬ್ಬರು ಕಾಯುವುದು. ಇವನ್ನೆಲ್ಲ ಮನೆಯಲ್ಲೂ ಅಭ್ಯಾಸ ಮಾಡಿಸಿ ಎಂದು ಟೀಚರು ಹೇಳಿ ಕಳಿಸುತ್ತಾರೆ. ಅಭ್ಯಾಸ ಮಾಡಿಸುವವರು ನಾವು, ಮಾಡುವವಳು ಮಗಳು ಎಂದು ನಾವು ತಿಳಿದಿದ್ದೆವು. ವಾರದೊಳಗೆ ಅದು ತಿರುಗುಮುರುಗಾಯಿತು. ಬಚ್ಚಲಿನ ಮುಂದೆ ನನ್ನ ಗಂಡ ಅತ್ತೆಯ ಹಿಂದೆ ಸಾಲಿನಲ್ಲಿ ನಿಲ್ಲತೊಡಗಿದರು.

ಹೀಗಿರುವಾಗ ಒಂದು ದಿನ ದನಿಯ ಪಾಠ ಬಂತು. ಭೂಮಿಕಾಳ ಟೀಚರು ಜಮಖಂಡಿಯಿಂದ ಬಸ್ಸಿನಲ್ಲಿ ಬಂದು ಹೋಗುವ ಹೆಣ್ಣುಮಗಳು. ಅವರ ದನಿ ಎಷ್ಟು ಮೆತ್ತಗೆಂದರೆ, ಕಂಡಕ್ಟರ್ ನಿತ್ಯವೂ ಬಗ್ಗಿ "ಎಲ್ಲಿಗ್ರಿ ಅಕ್ಕಾರ?" ಎಂದು ಮತ್ತೊಮ್ಮೆ ಕೇಳುತ್ತಾನಂತೆ. ಅವರು ಮಕ್ಕಳಿಗೆ ಬೆರಳಿನ ಲೆಕ್ಕ ಕಲಿಸಿದ್ದರು. ಒಂದು ಬೆರಳು ಎತ್ತಿದರೆ ಕಿವಿ ದನಿ, ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳಬೇಕು. ಎರಡು ಬೆರಳಿಗೆ ಕೋಣೆಯ ದನಿ. ಮೂರಕ್ಕೆ ಬಯಲಿನ ದನಿ, ಅದು ಆಟದ ಮೈದಾನಕ್ಕೆ ಮಾತ್ರ. ಪಾಠ ಮುಗಿದ ಮೇಲೆ "ನಿಮ್ಮ ಮನ್ಯಾಗ ಯಾವ ದನಿಲೆ ಮಾತಾಡ್ತೀರಿ?" ಎಂದು ಕೇಳಿದರಂತೆ. ಮಕ್ಕಳು ಎರಡು ಬೆರಳು ಎತ್ತಿದವು. ಒಂದೆರಡು ತುಂಟ ಮಕ್ಕಳು ಮೂರು ಎತ್ತಿದವು. ನನ್ನ ಮಗಳು ಎರಡೂ ಕೈಯ ಎಲ್ಲ ಬೆರಳುಗಳನ್ನು ಎತ್ತಿ, ಸಾಲದೆಂದು ಕಾಲಿನ ಬೂಟು ಬಿಚ್ಚತೊಡಗಿದಳಂತೆ. ಇದನ್ನು ಟೀಚರು ನನಗೆ ನಗುತ್ತಲೇ ಹೇಳಿದರು. ನಾನೂ ನಕ್ಕೆ. ಆ ನಗೆಗೂ ಪಕ್ಕದ ತರಗತಿಯ ಮಕ್ಕಳು ಕಿಟಕಿಗೆ ಬಂದು ನೋಡಿದವು.

ಅಂದಿನಿಂದ ಮನೆಯಲ್ಲಿ ಅಭ್ಯಾಸ ಶುರುವಾಯಿತು. ನಾನು ಬಾಯಿ ತೆರೆದರೆ ಸಾಕು, ಎಲ್ಲಿದ್ದರೂ ಓಡಿ ಬಂದು ಮುಖದ ಮುಂದೆ ಒಂದು ಬೆರಳು ಹಿಡಿಯುವಳು. ಮಗ್ಗ ನಡೆಯುವಾಗ ಒಂದು ಬೆರಳಿನ ದನಿಯಲ್ಲಿ ಮಾತಾಡುವುದೂ ಒಂದೇ, ಮನಸ್ಸಿನಲ್ಲಿ ಅಂದುಕೊಳ್ಳುವುದೂ ಒಂದೇ. ನಾನು ಚಹಾ ಆಯಿತೆಂದು ಪಿಸುಗುಟ್ಟಿ ಹೇಳಿದರೆ ಗಂಡನಿಗೆ ಕೇಳುತ್ತಿರಲಿಲ್ಲ, ಚಹಾ ಆರುತ್ತಿತ್ತು, ಆರಿದ ಚಹಾಕ್ಕೆ ಅವರು ಹತ್ತು ಬೆರಳಿನಲ್ಲಿ ಕೂಗಾಡುತ್ತಿದ್ದರು. ಮನೆಯಲ್ಲಿ ಹೊಸ ಪದ್ಧತಿಗೆ ಸುಖವಾಗಿ ಹೊಂದಿಕೊಂಡವರು ಕಿವಿ ಕೇಳದ ಅತ್ತೆ ಒಬ್ಬರೇ. ಮೊಮ್ಮಗಳು ತುಟಿಯಾಡಿಸುವಳು, ಅವರು ತಿಳಿದುಕೊಳ್ಳುವರು. "ನಮ್ಮ ಕೂಸು ಈಗ ಎಷ್ಟ ಸ್ವಚ್ಛ ಮಾತಾಡ್ತೈತಿ ನೋಡ, ಎಲ್ಲಾ ಕೇಳಸ್ತೈತಿ" ಎಂದು ಅವರು ಓಣಿಗೆಲ್ಲ ಕೇಳಿಸುವಂತೆ ಹೊಗಳುತ್ತಿದ್ದರು.

ದನಿಯ ಬೆನ್ನಿಗೇ "ಸಾರಿ" ಹೇಳುವ ಪಾಠ ಬಂತು. ನಾವೆಲ್ಲ ಸಾರಿ ಎಂದು ಒಂದು ಮಾತು ಎಸೆದು ಮುಂದೆ ನಡೆಯುವವರು. ಈ ಟೀಚರ ತರಗತಿಯಲ್ಲಿ ಅದು ನಡೆಯುವುದಿಲ್ಲ. ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರು ಕೂರಬೇಕು. ಕಣ್ಣು ನೋಡಬೇಕು. ತಾನು ಏನು ಮಾಡಿದೆ ಎಂದು ತನ್ನ ಬಾಯಿಂದಲೇ ಹೇಳಬೇಕು. ಆಮೇಲೆ ಎದುರಿನವರು ತಮಗೆ ಏನನ್ನಿಸಿತು ಎಂದು ಹೇಳುತ್ತಾರೆ, ಅದನ್ನು ನಡುವೆ ಬಾಯಿ ಹಾಕದೆ ಕೇಳಬೇಕು. ಕೊನೆಗೆ "ನಾ ಈಗ ಏನ ಮಾಡ್ಲಿ?" ಎಂದು ಕೇಳಬೇಕು. ಭೂಮಿಕಾ ಇದನ್ನು ಮೊದಲು ಪ್ರಯೋಗಿಸಿದ್ದು ಅಪ್ಪನ ಮೇಲೆ. ಬೆಳಿಗ್ಗೆ ಬೈಕು ಚಾಲೂ ಆಗದೆ ಅವರು ನಾಲ್ಕು ಸಲ ಒದ್ದದ್ದನ್ನು ಅವಳು ನೋಡಿದ್ದಳು. ಬೈಕಿನ ಮುಂದಿನ ಗಾಲಿಗೆ ಮೊಣಕಾಲು ತಾಗಿಸಿ ಕೂತು, ಹೆಡ್‌ಲೈಟು ನೋಡುತ್ತ, "ನಾ ನಿನಗ ಒದ್ದೆ" ಎಂದು ಅವರು ಹೇಳಬೇಕಾಯಿತು. ನಾನು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಈ ಪಾಠ ನನ್ನ ಪಾಳಿಗೂ ಬರುತ್ತದೆಂದು ಆಗ ನನಗೆ ಹೊಳೆಯಲಿಲ್ಲ.

ನಗೆ ಹೊರಟುಹೋದದ್ದು ಶಾಲೆಯ ಗೇಟಿನಲ್ಲಿ. ಶಾಲೆ ಬಿಡುವ ಹೊತ್ತಿಗೆ ನಾನು ಅವಳನ್ನು ಕರೆತರಲು ಹೋಗುತ್ತೇನೆ. ಅಂದು ಸ್ವಲ್ಪ ಬೇಗ ಹೋಗಿದ್ದೆ. ವರಾಂಡದಲ್ಲಿ ಮಗಳು ಕಂಡಳು, ಪ್ರೀತಿ ಉಕ್ಕಿ "ಭೂಮೀ" ಎಂದು ಒಂದೇ ಒಂದು ಸಲ ಕರೆದೆ. ಒಳಗೆ ಊಟ ಮಾಡಿ ಮಲಗಿದ್ದ ನರ್ಸರಿಯ ಕೂಸುಗಳೆಲ್ಲ ಎದ್ದು ಕುಳಿತು ಏಕಕಾಲಕ್ಕೆ ಅಳತೊಡಗಿದವು. ಆಯಾಗಳು ಓಡಾಡಿದರು. ಬೇರೆ ತಾಯಂದಿರು ನನ್ನನ್ನು ನೋಡಿದರು. ಭೂಮಿಕಾ ಮಾತ್ರ ನನ್ನನ್ನು ನೋಡಲಿಲ್ಲ. ತಲೆ ತಗ್ಗಿಸಿಕೊಂಡು ಬಂದಳು, ದಾರಿಯುದ್ದಕ್ಕೂ ನನ್ನ ಕೈ ಹಿಡಿಯಲಿಲ್ಲ. ಮನೆಯ ಹತ್ತಿರ ಬಂದಾಗ ಒಂದು ಬೆರಳಿನ ದನಿಯಲ್ಲಿ ಹೇಳಿದಳು: "ಅವ್ವಾ, ನಾಳಿಂದ ನೀ ಬರಬ್ಯಾಡ. ಅಪ್ಪ ಬರ್ಲಿ."

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆ ಮಾತಿಗೆ ನಾನು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ. ಸೀರೆ ಹಳೆಯದಾದರೆ ಬದಲಿಸಬಹುದು, ತಲೆ ಕೆದರಿದ್ದರೆ ಬಾಚಿಕೊಳ್ಳಬಹುದು. ಗಂಟಲನ್ನು ಏನು ಮಾಡುವುದು? ಮರುದಿನದಿಂದ ಮಗಳನ್ನು ಕರೆತರಲು ಅಪ್ಪ ಹೋಗತೊಡಗಿದರು. ಅವಳು ಬೈಕಿನ ಮುಂದೆ ಕೂತು ನಗುತ್ತ ಬರುವುದನ್ನು ನಾನು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಮಷಿನ್ನಿನ ಹಿಂದೆ ಕೂತು ನೋಡುತ್ತಿದ್ದೆ. ನಾಚಿಕೆಯನ್ನು ಹೊಟ್ಟೆಯಲ್ಲಿ ಬಹಳ ದಿನ ಇಟ್ಟುಕೊಳ್ಳಲಾಗುವುದಿಲ್ಲ. ಅದು ಹುಳಿಯೊಡೆದು ಸಿಟ್ಟಾಗುತ್ತದೆ, ಆಮೇಲೆ ಅದನ್ನು ಯಾರ ಮೇಲಾದರೂ ಸುರಿಯಬೇಕಾಗುತ್ತದೆ. ಮಗಳ ಮೇಲೆ ಸುರಿಯಲಾಗದು. ಆ ಟೀಚರು ಸಿಕ್ಕರು. ನನ್ನ ಮಗಳಿಗೆ ನನ್ನ ಮೇಲೆ ನಾಚಿಕೆ ಹುಟ್ಟಿಸಿದವರು ಅವರೇ ಎಂದು ತೀರ್ಮಾನಿಸಿಬಿಟ್ಟೆ.

ಇಲ್ಲಿ ನಮ್ಮ ಓಣಿಯ ಇನ್ನೊಂದು ಸಂಗತಿ ಹೇಳಬೇಕು. ಕರೆಂಟು ಹೋದರೆ ಎಲ್ಲ ಮನೆಯ ಮಗ್ಗಗಳೂ ಒಂದೇ ಏಟಿಗೆ ನಿಲ್ಲುತ್ತವೆ. ಮಗ್ಗ ನಿಲ್ಲುತ್ತದೆ, ಆದರೆ ಮಾತಾಡುತ್ತಿದ್ದವರ ದನಿ ತಕ್ಷಣ ನಿಲ್ಲುವುದಿಲ್ಲ. ಆ ಕ್ಷಣದಲ್ಲಿ ಯಾರ ಬಾಯಲ್ಲಿ ಏನಿತ್ತೋ ಅದು ಓಣಿಯ ನಡುವೆ ಬಂದು ಬೀಳುತ್ತದೆ. ಎದುರುಮನೆಯ ಕಮಲಕ್ಕನ ಗಂಡ, ಡಾಕ್ಟರು ಎಣ್ಣೆ ಪದಾರ್ಥ ಮುಟ್ಟಬಾರದು ಎಂದು ಹೇಳಿದ ಮೇಲೂ ಮಿರ್ಚಿ ತಿಂದದ್ದು ಊರಿಗೆ ಗೊತ್ತಾಗಿದ್ದು ಹೀಗೆಯೇ. "ನಮ್ಮಾಕಿಗೆ ಹೇಳಬ್ಯಾಡ್ಲೇ" ಎಂಬ ಅವರ ಮಾತು ಮೊದಲು ಕೇಳಿಸಿದ್ದು ಕಮಲಕ್ಕನಿಗೇ. ಆದ್ದರಿಂದ ತಿಳಿದವರು ಎಡವಟ್ಟಿನ ಮಾತನ್ನು ಮಗ್ಗದ ಸಪ್ಪಳ ನಂಬಿ ಆಡುವುದಿಲ್ಲ, ತುಟಿಯಲ್ಲೇ ಮುಗಿಸುತ್ತಾರೆ. ನಾನೂ ತಿಳಿದವಳೇ. ಆದರೆ ಸಿಟ್ಟು ಬಂದವಳಿಗೆ ತುಟಿ ಸಾಲುವುದಿಲ್ಲ.

ಕಳೆದ ಶನಿವಾರ ಮಧ್ಯಾಹ್ನ ಎಲ್ಲ ಮಗ್ಗಗಳೂ ಭರದಿಂದ ನಡೆದಿದ್ದವು. ನಾನು ಕಂಡಿಕೆ ಸುತ್ತುತ್ತಿದ್ದೆ, ಗಂಡ ಮಗ್ಗದ ಹತ್ತಿರ ನಿಂತು ಹರಿದ ಎಳೆ ಕೂಡಿಸುತ್ತಿದ್ದರು. ಭೂಮಿಕಾ ಹೊರಗೆ ಕಟ್ಟೆಯ ಮೇಲಿದ್ದಳು. ಅವರು ಆ ಕಡೆಯಿಂದ ಕೂಗಿದರು: "ಟೀಚರು ಫೋನ್ ಮಾಡಿದ್ರು! ಮಕ್ಕಳ ಮನಿ ಮನಿಗೆ ಹೊಂಟಾರಂತ! ನಮ್ಮಲ್ಲೂ ಬರ್ತಾರಂತ, ನಿನ್ನ ಕೂಡ ಮಾತಾಡೂದೈತಿ ಅಂದ್ರು!"

ನನ್ನ ಕೂಡ ಮಾತಾಡುವುದಿದೆ ಎಂದರೆ ನನ್ನ ಗಂಟಲಿನ ಬಗ್ಗೆಯೇ ಇರಬೇಕು ಎಂದು ಸಿಟ್ಟು ನನ್ನ ನೆತ್ತಿಗೇರಿತು. "ಬರ್ಲಿ! ನನಗ ಕಲಸಾಕ ಬರ್ತಾಳೇನ? ಮಕ್ಕಳ ಬಾಯಿ ಮುಚ್ಚಿಸೂದ ಒಂದ ಗೊತ್ತ ಆಕಿಗೆ!" ಎಂದು ಕೂಗಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಗೇಟಿನಲ್ಲಿ ನಿಲ್ಲುವ ತಾಯಂದಿರಿಂದ ಒಂದು ಮಾತು ನನ್ನ ಕಿವಿಗೆ ಬಿದ್ದಿತ್ತು. ಟೀಚರಿಗೆ ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಾಗಿಲ್ಲ, ಆಸ್ಪತ್ರೆಗಳಿಗೆ ಅಲೆದು ಅಲೆದು ಸುಮ್ಮನಾಗಿದ್ದಾರೆ ಎಂದು. ಆಗ ನಾನೂ ಅಯ್ಯೋ ಪಾಪ ಎಂದಿದ್ದೆ. ಆ ಪಾಪ ಅಂದ ಬಾಯಲ್ಲೇ, ಹೊಟ್ಟೆಯಿಂದ ದನಿ ಎತ್ತಿ ಕೂಗಿದೆ.

ಕರೆಂಟು ಹೋಯಿತು.

"ತಾ ಒಂದ ಹಡದ ನೋಡ್ಬೇಕಿತ್ತು, ಆಗ ತಿಳೀತಿತ್ತ ಆಕಿಗೆ ಮಕ್ಕಳಂದ್ರ ಏನಂತ!"

ಓಣಿಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ಗಂಡ ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹಿಂದಕ್ಕೆ ನೋಡುತ್ತಿದ್ದರು. ತಿರುಗಿದೆ. ಬಾಗಿಲಲ್ಲಿ ಟೀಚರು ನಿಂತಿದ್ದರು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದರು, ಇನ್ನೊಂದನ್ನು ಬಿಡುವುದೋ, ಬಿಟ್ಟದ್ದನ್ನು ಮತ್ತೆ ಹಾಕಿಕೊಳ್ಳುವುದೋ ತಿಳಿಯದೆ ನಿಂತ ಹಾಗಿತ್ತು. ಅವರ ಬೆರಳು ಹಿಡಿದುಕೊಂಡು ಭೂಮಿಕಾ ನಿಂತಿದ್ದಳು.

ಭೂಮಿ ಬಾಯ್ದೆರೆದು ನುಂಗಬಾರದೇ ಎಂದು ಹಿರಿಯರು ಅನ್ನುವುದನ್ನು ಕೇಳಿದ್ದೆ. ನನ್ನ ಪಾಲಿಗೆ ಭೂಮಿ ಎದುರಿಗೇ ನಿಂತು ನನ್ನನ್ನು ನೋಡುತ್ತಿದ್ದಳು. ನಮ್ಮನ್ನು ಆ ಕ್ಷಣದಿಂದ ಪಾರು ಮಾಡಿದವರು ಅತ್ತೆ. ಅವರಿಗೆ ಏನೂ ಕೇಳಿಸಿರಲಿಲ್ಲ, ನಾನು ಬೆನ್ನು ಮಾಡಿದ್ದರಿಂದ ತುಟಿಯೂ ಕಂಡಿರಲಿಲ್ಲ. "ಬರ್ರಿ ಬರ್ರಿ ಬಾಯಾರ! ನಿಮ್ಮನ್ನ ನೆನಸದ ದಿನಾನ ಇಲ್ಲರಿ ನಮ್ಮ ಸೊಸಿ!" ಎಂದು ಸಂಭ್ರಮದಿಂದ ಕೂಗಿ ಚಾಪೆ ಹಾಸಿದರು. ಅತ್ತೆ ಸುಳ್ಳನ್ನೇನೂ ಹೇಳಲಿಲ್ಲ.

ಟೀಚರು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಬಂದು ಕುಳಿತರು. ನಾನು ಚಹಾ ಮಾಡುವ ನೆಪದಲ್ಲಿ ಅಡುಗೆಮನೆ ಸೇರಿದೆ. ಅಲ್ಲಿಂದಲೇ ಕೇಳುತ್ತಿತ್ತು, ಅವರು ನನ್ನ ಗಂಡನಿಗೆ ಹೇಳುತ್ತಿದ್ದರು: "ಭೂಮಿಕಾ ಯಾಕೋ ಈಗ ಕ್ಲಾಸಿನ್ಯಾಗ ಮಾತ ಕಮ್ಮಿ ಮಾಡ್ಯಾಳ್ರಿ. ಮನ್ಯಾಗ ಭಾಳ ಸುಮ್ಮ ಇರಸಬ್ಯಾಡ್ರಿ ಅಂತ ಅವರ ಅವ್ವಾರಿಗೆ ಹೇಳಾಕ ಬಂದಿದ್ದೆ. ಬಯಲ ದನೀನೂ ಬೇಕಲ್ರಿ ಮಕ್ಕಳಿಗೆ." ನಾನು ಚಹಾಕ್ಕೆ ಸಕ್ಕರೆಯನ್ನು ಎಷ್ಟು ಸಲ ಹಾಕಿದೆನೋ ನನಗೇ ತಿಳಿಯಲಿಲ್ಲ.

ಹಿಂದಿನಿಂದ ಸೆರಗು ಜಗ್ಗಿದಂತಾಯಿತು. "ಅವ್ವಾ, ನೀ ಟೀಚರಿಗೆ ಬೈದಿ. ಸಾರಿ ಹೇಳಬೇಕ" ಎಂದಳು ಭೂಮಿಕಾ. ನಾನು ಚಹಾದ ಕಪ್ಪು ಹಿಡಿದು ಹೋಗಿ ಕೊಡುತ್ತ, ನೆಲ ನೋಡುತ್ತ, "ಸಾರಿ ರೀ" ಎಂದೆ. ಚಹಾ ಬಿಸಿಯಿದೆ ಎನ್ನುವ ಹಾಗೆ. ಮಗಳು ತಲೆಯಾಡಿಸಿದಳು. "ಹಂಗಲ್ಲ" ಎಂದು ನನ್ನ ಕೈ ಹಿಡಿದು ಟೀಚರ ಎದುರು ಕೂರಿಸಿದಳು, ನನ್ನ ಮೊಣಕಾಲು ದೂಡಿ ಅವರ ಮೊಣಕಾಲಿಗೆ ತಾಗಿಸಿದಳು, ಗದ್ದ ಹಿಡಿದು ಮುಖ ಎತ್ತಿದಳು. "ಏನ ಮಾಡಿದಿ ಹೇಳ."

ಕಿವಿ ದನಿಯಲ್ಲಿ ಶುರು ಮಾಡಿದೆ. "ನಾ... ನಿಮಗ..." ಮುಂದೆ ಹೋಗಲಿಲ್ಲ. ಒಂದು ವಿಷಯ ನನಗೆ ಆಗ ತಿಳಿಯಿತು. ಆ ಮಾತು ಕೂಗಿ ಹೇಳಲಿಕ್ಕೆ ಎಷ್ಟು ಹಗುರವಾಗಿತ್ತು! ಮೊಣಕಾಲು ತಾಗಿಸಿ ಕೂತು, ಅವರ ಕಣ್ಣು ನೋಡುತ್ತ, ಮೆತ್ತಗೆ ಹೇಳಬೇಕೆಂದರೆ ಅದು ಗಂಟಲಿನಿಂದ ಮೇಲೆ ಬರಲಿಲ್ಲ. ಮೆತ್ತಗೆ ಆಡಲಾಗದ ಮಾತನ್ನು ಜೋರಾಗಿಯೂ ಆಡಬಾರದಿತ್ತು.

ನನ್ನ ಪಾಡು ನೋಡಿ ಟೀಚರಿಗೇ ಕನಿಕರವಾಯಿತು. "ಇರ್ಲಿ ಬಿಡ್ರಿ. ಮಗ್ಗದ ಸಪ್ಪಳದಾಗ ನನಗೇನೂ ಕೇಳಸಲಿಲ್ಲರಿ" ಎಂದರು.

"ಸಪ್ಪಳ ಇರಲಿಲ್ಲ ಟೀಚರ್, ಕರೆಂಟ್ ಹೋಗಿತ್ತು" ಎಂದಳು ಭೂಮಿಕಾ. ಸುಳ್ಳು ಹೇಳಬಾರದೆಂದು ಅವಳಿಗೆ ಕಲಿಸಿದವರೂ ಅವರೇ. ಆಮೇಲೆ ನನ್ನ ಕಡೆ ತಿರುಗಿ, ಇಷ್ಟು ದಿನ ನನ್ನ ಮುಖದ ಮುಂದೆ ಬೆರಳು ಹಿಡಿದವಳು ಹೇಳಿದಳು: "ಅವ್ವಾ, ಟೀಚರಿಗೆ ಕೇಳಸಿಲ್ಲಂತ. ಜೋರ್ಲೆ ಹೇಳ."

ಅಷ್ಟರಲ್ಲಿ ಕರೆಂಟು ಬಂತು. ಅಕ್ಕಪಕ್ಕದ ಮನೆಗಳಲ್ಲಿ ಮಗ್ಗಗಳು ಒಂದೊಂದಾಗಿ ಖಟಖಟ ಶುರುವಾದವು. ನನ್ನ ಗಂಡ ನನ್ನನ್ನು ಉಳಿಸಲಿಕ್ಕೆಂದು ಓಡಿ ಸ್ವಿಚ್ಚಿನ ಮೇಲೆ ಕೈಯಿಟ್ಟರು. ನಮ್ಮ ಮಗ್ಗಗಳೂ ಶುರುವಾದರೆ ನಾನು ಏನು ಹೇಳಿದರೂ ಯಾರಿಗೂ ಕೇಳುವುದಿಲ್ಲ, ಹೇಳಿದ ಹಾಗೂ ಆಗುತ್ತದೆ. ನಿಜ ಹೇಳುತ್ತೇನೆ, ಒಂದು ಕ್ಷಣ ನನಗೂ ಆಸೆಯಾಯಿತು. ಆದರೆ ಮಗಳು ನನ್ನ ಬಾಯನ್ನೇ ನೋಡುತ್ತಿದ್ದಳು. ಬೇಡವೆಂದು ಗಂಡನಿಗೆ ಕೈಸನ್ನೆ ಮಾಡಿದೆ. "ನೀವು ಹಡದಿಲ್ಲ ಅಂತ ಆಡಿದೆರಿ. ಅನ್ನಬಾರದಿತ್ತು. ನಮ್ಮ ಕೂಸು ನನಗ ಗೇಟಿಗೆ ಬರಬ್ಯಾಡ ಅಂದದ್ದಕ್ಕ ಹೊಟ್ಟಿ ಉರದ ಅಂದೆ. ನನ್ನದ ತಪ್ಪಾತು" ಎಂದೆ. ಅದು ಎರಡು ಬೆರಳಿನ ದನಿಯಾಗಿತ್ತು. ಜೀವಮಾನದಲ್ಲಿ ಅಷ್ಟು ಅಳತೆಯ ದನಿ ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಇರ್ಲಿ ಬಿಡ್ರಿ ಎಂದು ಅವರು ಮತ್ತೊಮ್ಮೆ ಹೇಳಿ ನನ್ನನ್ನು ಬಿಡುತ್ತಾರೆಂದು ಆಸೆಪಟ್ಟೆ. ಹೇಳಲಿಲ್ಲ. ಅವರು ತಮ್ಮ ಪಾಠವನ್ನು ತಾವೂ ಪಾಲಿಸುವವರು. "ನನಗ ಭಾಳ ಕೆಟ್ಟ ಅನಿಸ್ತರಿ" ಎಂದರು. ನಾನು ನಡುವೆ ಬಾಯಿ ಹಾಕದೆ ಕೇಳಿದೆ. ಮಗಳು ತಿವಿದಾಗ ಉಳಿದದ್ದನ್ನೂ ಕೇಳಿದೆ, "ನಾ ಈಗ ಏನ ಮಾಡ್ಲಿರಿ?" ಅವರು ಕಪ್ಪನ್ನು ಕೈಗೆತ್ತಿಕೊಂಡರು. "ಏನೂ ಬ್ಯಾಡ್ರಿ. ಈ ಮಾತ ಅಂದಾವ್ರು ಭಾಳ ಮಂದಿ ಅದಾರ. ಎದುರಿಗೆ ಕುಂತ ತಪ್ಪಾತು ಅಂದಾವ್ರು ನೀವ ಒಬ್ಬರು" ಎಂದರು. ಆಮೇಲೆ ಆ ಪಾಯಸದಂಥ ಚಹಾವನ್ನು ಪೂರ್ತಿ ಕುಡಿದರು. ಇದಕ್ಕಿಂತ ದೊಡ್ಡ ಕ್ಷಮೆಯನ್ನು ನಾನು ಕೇಳುವಂತಿರಲಿಲ್ಲ.

ಅಂದಿನಿಂದ ನಾನು ಮೆತ್ತಗೆ ಮಾತಾಡುವ ಅಭ್ಯಾಸದಲ್ಲಿದ್ದೇನೆ. ನನ್ನ ದನಿ ಕೇಳದೆ ಗಾಬರಿಯಾಗಿ ಕಮಲಕ್ಕ ಮರುದಿನವೇ ಶುಂಠಿ ಕಷಾಯ ತಂದುಕೊಟ್ಟಳು. "ಮನ್ಯಾಗ ಏನರೆ ಆಗೇತೇನ?" ಎಂದು ತುಟಿಯಲ್ಲೇ ಕೇಳಿದಳು. ಶನಿವಾರ ಓಣಿಗೆಲ್ಲ ಕೇಳಿದ ಮಾತು ತನಗೆ ಕೇಳಿಸಲೇ ಇಲ್ಲವೆಂಬಂತೆ ನಟಿಸುವ ಒಳ್ಳೆಯತನ ಅವಳದು. ಕಷಾಯ ಕುಡಿಯದೆ ಬೇರೆ ದಾರಿಯಿರಲಿಲ್ಲ.

ಸೋಮವಾರ ಬೆಳಿಗ್ಗೆ ಬೂಟು ಹಾಕಿಸಿಕೊಳ್ಳುತ್ತ ಭೂಮಿಕಾ, "ಇವತ್ತ ನೀನ ಬಾ" ಎಂದಳು. ನಾನು ಇಸ್ತ್ರಿ ಮಾಡಿದ ಸೀರೆಯುಟ್ಟು, ಬಾಯಿಗೆ ಬೀಗ ಹಾಕಿಕೊಂಡು ಹೋದೆ. ಗೇಟಿನಲ್ಲಿ ತಾಯಂದಿರೆಲ್ಲ ನಿಂತಿದ್ದರು. ನರ್ಸರಿಯ ಕೂಸುಗಳು ಒಳಗೆ ಮಲಗಿದ್ದವು. ಟೀಚರು ವರಾಂಡಕ್ಕೆ ಬಂದು ನನ್ನನ್ನು ಕಂಡರು. ಸುಮ್ಮನಿರುತ್ತೇನೆ ಎಂದು ತೋರಿಸಲು ನಾನು ಒಂದು ಬೆರಳು ಎತ್ತಿದೆ. ಅವರು ತಲೆಯಲ್ಲಾಡಿಸಿ ಎರಡು ಬೆರಳು ಎತ್ತಿದರು. ನಾನು ನಮಸ್ಕಾರ ಎಂದದ್ದು ನನಗೇ ಕೇಳಿಸಲಿಲ್ಲ.

ಆಗ ಭೂಮಿಕಾ ಬಾಗಿಲಿನಿಂದ ಓಡಿ ಬಂದಳು. ನನ್ನನ್ನು ಕಂಡ ಸಂತೋಷಕ್ಕೆ ಬೆರಳಿನ ಲೆಕ್ಕವೆಲ್ಲ ಮರೆತು, ಹೊಟ್ಟೆಯಿಂದ ದನಿ ಎತ್ತಿ ಗೇಟಿಗೆಲ್ಲ ಕೇಳುವಂತೆ ಕೂಗಿದಳು: "ಟೀಚರ್! ನಮ್ಮ ಅವ್ವ ಬಂದಾಳ! ನಮ್ಮ ಅವ್ವ ಸಾರಿ ಕಲ್ತಾಳ! ಏನ ಅಂದಿದ್ಲಂದ್ರ..." ಟೀಚರು ಚಟ್ಟನೆ ತಮ್ಮ ತುಟಿಯ ಮೇಲೆ ಒಂದು ಬೆರಳಿಟ್ಟರು, ಅವಳು ಅಲ್ಲಿಗೇ ನಿಲ್ಲಿಸಿ ಬಂದು ನನ್ನ ಕೈ ಹಿಡಿದುಕೊಂಡಳು.

ಒಳಗೆ ನರ್ಸರಿಯ ಕೂಸುಗಳೆಲ್ಲ ಎದ್ದು ಅಳತೊಡಗಿದವು. ಈ ಸಲ ಅದು ನನ್ನ ದನಿಯಾಗಿರಲಿಲ್ಲ. ಆದರೆ ಮಗಳಿಗೆ ಆ ದನಿ ಎಲ್ಲಿಂದ ಬಂದದ್ದು ಎಂದು ಅಲ್ಲಿ ನಿಂತ ತಾಯಂದಿರಲ್ಲಿ ಯಾರೂ ಕೇಳಲಿಲ್ಲ.